ಮೋಟರ್‌ಹೋಮ್‌ನ ಹಳದಿಗಟ್ಟಿದ ಬಿಳಿ ಪ್ಲಾಸ್ಟಿಕ್: ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಬಣ್ಣ ಹೊಡೆಯಬೇಕು

ಪ್ರಶ್ನೆ: ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಊರಿನಲ್ಲಿ. ಈಚೆಗೆ 2006ರ ಮಾಡೆಲ್‌ನ ಕ್ಲಾಸ್ ಸಿ ಮೋಟರ್‌ಹೋಮ್ (ವ್ಯಾನಿನ ಚಾಸಿಯ ಮೇಲೆ ಕಟ್ಟಿದ, ಒಳಗೆ ವಾಸಿಸಬಹುದಾದ ಗಾಡಿ) ಒಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡೆವು. ಗಾಡಿಯ ಮೈ ಚೆನ್ನಾಗಿದೆ. ಆದರೆ ಬಿಳಿ ಪ್ಲಾಸ್ಟಿಕ್ ಭಾಗಗಳೆಲ್ಲ ಹಳೇ ತುಪ್ಪದ ಬಣ್ಣಕ್ಕೆ ತಿರುಗಿವೆ: ಫ್ರಿಜ್‌ನ ಹೊರಗಿನ ಜಾಲರಿ ಬಾಗಿಲು, ಚಕ್ರದ ಮೇಲಿನ ಕಮಾನು ಪಟ್ಟಿ, ಮೂಲೆಗಳ ಉದ್ದಕ್ಕೂ ಇರುವ ಮೆತ್ತನೆಯ ಪಟ್ಟಿ, ಚಾವಣಿಯ ಗಾಳಿಕಿಂಡಿಯ ಮುಚ್ಚಳ. ಬ್ಲೀಚ್ ಹಾಕಿ ಉಜ್ಜಿದೆವು, ಏನೂ ಆಗಲಿಲ್ಲ. ಕೂದಲಿಗೆ ಹಚ್ಚುವ ಪೆರಾಕ್ಸೈಡ್ ಕ್ರೀಮ್ ಬಳಿದು ಬಿಸಿಲಲ್ಲಿಟ್ಟರೆ ಬೆಳ್ಳಗಾಗುತ್ತದಂತೆ, ನಿಜವೇ? ಅಥವಾ ಬಣ್ಣ ಹೊಡೆಯುವುದೇ ಒಳ್ಳೆಯದೇ?

ಉತ್ತರ: ಕ್ರೀಮ್ ಬಳಿದರೆ ಬೆಳ್ಳಗಾಗುವುದು ನಿಜ. ಆದರೆ ವರ್ಷವಿಡೀ ಬಿಸಿಲಲ್ಲೇ ನಿಲ್ಲುವ ಹೊರಭಾಗಗಳಿಗೆ ಅದು ಬೇಡ. ನೀವು ಹೆಸರಿಸಿದ ನಾಲ್ಕು ಭಾಗಗಳ ಪ್ಲಾಸ್ಟಿಕ್ ಒಂದೇ ಅಲ್ಲ, ಹಾಗಾಗಿ ಮದ್ದೂ ಒಂದೇ ಅಲ್ಲ. ಮೂಲೆಯ ಮೆತ್ತನೆಯ ಪಟ್ಟಿ ಮತ್ತು ಚಾವಣಿಯ ಮುಚ್ಚಳವನ್ನು ಬದಲಿಸಿಬಿಡಿ, ಅವುಗಳ ಮೇಲೆ ಪಡುವ ಶ್ರಮ ದಂಡ. ಫ್ರಿಜ್‌ನ ಜಾಲರಿ ಬಾಗಿಲು ಮತ್ತು ಚಕ್ರದ ಕಮಾನು ಇನ್ನೂ ಗಟ್ಟಿಯಾಗಿದ್ದರೆ ಉಜ್ಜಿ ಬಣ್ಣ ಹೊಡೆಯಿರಿ. ಪೆರಾಕ್ಸೈಡ್ ಉಪಯೋಗಕ್ಕೆ ಬರುವುದು ಗಾಡಿಯ ಒಳಗಿನ ಭಾಗಗಳಿಗೆ.

ಬ್ಲೀಚ್ ಏಕೆ ಕೆಲಸ ಮಾಡಲಿಲ್ಲ ಎಂಬುದರಿಂದ ಶುರು ಮಾಡೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಈ ಹಳದಿ ಮೇಲೆ ಕೂತ ಕೊಳೆಯಲ್ಲ. ಇಂಥ ಗಾಡಿಗಳ ಹೊರಗಿನ ಗಟ್ಟಿ ಬಿಳಿ ಭಾಗಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್ಕಿನವು. ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಎಂಬ ಮೂರು ಸೇರಿ ಆದದ್ದು ಅದು. ಏಟು ತಡೆಯುವ ಗುಣ ಬರುವುದು ಬ್ಯುಟಡೈಯೀನ್ ರಬ್ಬರಿನಿಂದ, ಬಿಸಿಲಿಗೆ ಮೊದಲು ಸೋಲುವುದೂ ಅದೇ. ಅದರ ಅಣುಸರಪಳಿಯಲ್ಲಿ ಉಳಿದಿರುವ ಜೋಡಿ ಬಂಧಗಳ ಮೇಲೆ ಅತಿನೇರಳೆ ಕಿರಣವೂ ಗಾಳಿಯ ಆಮ್ಲಜನಕವೂ ಒಟ್ಟಿಗೆ ದಾಳಿ ಮಾಡುತ್ತವೆ. ಸರಪಳಿ ತುಂಡಾಗಿ ಹುಟ್ಟುವ ಹೊಸ ರಚನೆಗಳು ನೀಲಿ ಬೆಳಕನ್ನು ಹೀರುತ್ತವೆ, ಆದ್ದರಿಂದ ನಮ್ಮ ಕಣ್ಣಿಗೆ ಹಳದಿ ಕಾಣುತ್ತದೆ. ರಬ್ಬರು ಸತ್ತ ಜಾಗ ಪೆಡಸಾಗುತ್ತದೆ. ಅಂದರೆ ಹಳದಿಯಾಗುವುದು ಮತ್ತು ಬಿರುಕು ಬಿಡುವುದು ಬೇರೆ ಬೇರೆ ತೊಂದರೆಗಳಲ್ಲ, ಒಂದೇ ಕಾಯಿಲೆಯ ಎರಡು ಲಕ್ಷಣಗಳು.

ಸಮಾಧಾನದ ಸಂಗತಿಯೆಂದರೆ ಈ ಹಾನಿ ಆಳಕ್ಕೆ ಇಳಿಯುವುದಿಲ್ಲ. ಬಿಳಿ ಬಣ್ಣಕ್ಕೆಂದು ಸೇರಿಸಿರುವ ಟೈಟಾನಿಯಂ ಡೈಆಕ್ಸೈಡ್ ಅತಿನೇರಳೆ ಕಿರಣವನ್ನು ಮೇಲ್ಮೈಯಲ್ಲೇ ತಡೆಯುತ್ತದೆ. ಕೆಟ್ಟಿರುವುದು ಮಿಲಿಮೀಟರಿನ ಒಂದು ಸಣ್ಣ ಭಾಗದಷ್ಟು ತೆಳುವಾದ ಪದರ, ಅದರ ಕೆಳಗೆ ಒಳ್ಳೆಯ ಬಿಳಿ ಪ್ಲಾಸ್ಟಿಕ್ ಹಾಗೇ ಇರುತ್ತದೆ. ಉಜ್ಜಿ ತೆಗೆಯುವ ದಾರಿ ಫಲ ಕೊಡುವುದು ಇದರಿಂದ.

ಪೆರಾಕ್ಸೈಡ್ ಮಾಡುವುದು ಇನ್ನೊಂದು ಕೆಲಸ. ಬಣ್ಣ ತೋರುವ ಆ ರಚನೆಗಳನ್ನು ಅದು ಇನ್ನಷ್ಟು ಉತ್ಕರ್ಷಿಸಿ ಬಣ್ಣವಿಲ್ಲದಂತೆ ಮಾಡುತ್ತದೆ. ತುಂಡಾದ ಸರಪಳಿಯನ್ನು ಜೋಡಿಸುವುದಿಲ್ಲ, ಕಾರ್ಖಾನೆಯಲ್ಲಿ ಸೇರಿಸಿದ್ದು ಈಗ ಮುಗಿದುಹೋಗಿರುವ ಬಿಸಿಲು ತಡೆಯುವ ರಾಸಾಯನಿಕವನ್ನು ಮರಳಿ ಕೊಡುವುದೂ ಇಲ್ಲ. ಪೆಡಸಾದ ಮೇಲ್ಪದರ ಪೆಡಸಾಗಿಯೇ ಉಳಿಯುತ್ತದೆ, ಬೆಳ್ಳಗೆ ಕಾಣುತ್ತದೆ ಅಷ್ಟೆ. ಈ ವಿಧಾನವನ್ನು 2008ರ ಸುಮಾರಿಗೆ ರೂಪಿಸಿದವರು ಹಳೆಯ ಕಂಪ್ಯೂಟರುಗಳ ಹವ್ಯಾಸಿಗಳು. ಅವರ ಯಂತ್ರಗಳು ಕೋಣೆಯೊಳಗೆ ನೆರಳಿನಲ್ಲಿರುತ್ತವೆ. ಅಲ್ಲಿಯೂ ಎಷ್ಟೋ ಸಲ ಹಳದಿ ಮರಳಿ ಬಂದಿದೆ. ಫೀನಿಕ್ಸ್‌ನ ಬಿಸಿಲಿಗೆ ಒಡ್ಡಿದ ಜಾಲರಿ ಬಾಗಿಲಿನಲ್ಲಿ ಅದು ಬಹುಕಾಲ ನಿಲ್ಲುತ್ತದೆಂದು ನಂಬಬೇಡಿ.

ಕೈಹಾಕುವ ಮೊದಲು ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಕಾಣುತ್ತಿರುವುದು ಬಿಸಿಲಿನ ಹಳದಿಯೇ ಎಂಬುದು. ಬಕೆಟ್ ಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಚಾವಣಿಯಿಂದ ಇಳಿದ ಕಪ್ಪು ಗೆರೆ, ಫ್ರಿಜ್‌ನ ಅನಿಲ ಉರಿಯ ಮಸಿ, ಹಳೆಯ ವ್ಯಾಕ್ಸ್‌ನ ಜಿಡ್ಡು ಎಷ್ಟೋ ಮಟ್ಟಿಗೆ ಇದರಲ್ಲೇ ಹೋಗುತ್ತವೆ. ಆಮೇಲೂ ಹಳದಿ ಉಳಿದರೆ ಭಾಗವನ್ನು ಬಿಚ್ಚಿ ಹಿಂಬದಿ ನೋಡಿ. ಹಿಂದೆ ಬಿಳಿ, ಮುಂದೆ ಹಳದಿ ಇದ್ದರೆ ಅದು ಬಿಸಿಲಿನದೇ. ಮೂಲೆಯಲ್ಲಿ ಬ್ಲೇಡಿನಿಂದ ಸ್ವಲ್ಪ ಕೆರೆದರೆ ಕೆಳಗಿನ ಬಿಳಿ ಕಾಣುತ್ತದೆ.

ಎರಡನೆಯದು, ಯಾವ ಪ್ಲಾಸ್ಟಿಕ್ ಎಂಬುದು. ಹಿಂಬದಿಯಲ್ಲಿ ಎಬಿಎಸ್, ಪಿಪಿ (ಪಾಲಿಪ್ರೊಪಿಲೀನ್), ಎಚ್‌ಡಿಪಿಇ (ಪಾಲಿಎಥಿಲೀನ್‌ನ ಒಂದು ಬಗೆ) ಎಂದು ಅಚ್ಚೊತ್ತಿದ್ದರೆ ಪ್ರಶ್ನೆಯೇ ಇಲ್ಲ. ಇಲ್ಲವಾದರೆ ಹಿಂಬದಿಯ ಅಂಚಿನಿಂದ ಒಂದು ಚೂರು ಕೆತ್ತಿ ನೀರಿಗೆ ಹಾಕಿ, ಸೋಪು ಹಚ್ಚಿದ ಬೆರಳಿನಿಂದ ಸವರಿ ಗುಳ್ಳೆ ಬಿಡಿಸಿ. ತೇಲಿದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್, ಅವುಗಳ ಸಾಂದ್ರತೆ ನೀರಿಗಿಂತ ಕಡಿಮೆ. ಎಬಿಎಸ್‌ನದು 1.04ರಿಂದ 1.07, ಪಿವಿಸಿಯದು ಇನ್ನೂ ಹೆಚ್ಚು, ಇವೆರಡೂ ಮುಳುಗುತ್ತವೆ. ಖನಿಜದ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಕೂಡ ಮುಳುಗಬಹುದು, ಆದ್ದರಿಂದ ಮುಳುಗಿದ್ದಕ್ಕೆ ಇನ್ನೊಂದು ಪರೀಕ್ಷೆ ಬೇಕು: ಹತ್ತಿಯ ತುದಿಗೆ ಅಸಿಟೋನ್ ಅದ್ದಿ ಹಿಂಬದಿಯಲ್ಲಿ ಒತ್ತಿ. ಕೆಲವೇ ಕ್ಷಣದಲ್ಲಿ ಅಂಟಂಟಾದರೆ ಎಬಿಎಸ್, ಏನೂ ಆಗದಿದ್ದರೆ ಪಾಲಿಪ್ರೊಪಿಲೀನ್. ಹಿಂಬದಿಯಲ್ಲಿ ನಾರಿನ ಎಳೆಗಳು ಕಂಡರೆ ಅದು ಫೈಬರ್‌ಗ್ಲಾಸ್. ಅದಕ್ಕೆ ರಬ್ಬಿಂಗ್ ಕಾಂಪೌಂಡ್ (ಹೊಳಪು ತರುವ ಉಜ್ಜುಲೇಪ) ಮತ್ತು ವ್ಯಾಕ್ಸ್ ಬೇಕು, ಅದು ಬೇರೆಯೇ ಕೆಲಸ, ಈ ಉತ್ತರ ಅದಕ್ಕೆ ಅನ್ವಯಿಸುವುದಿಲ್ಲ.

ಮೂಲೆಯ ಪಟ್ಟಿ ಮೊದಲು. ಅದು ಮೆತ್ತನೆಯ ವಿನೈಲ್, ಅಲ್ಯುಮಿನಿಯಂ ಅಂಚಿನ ತೋಡಿನಲ್ಲಿ ಕೂತು ಸ್ಕ್ರೂಗಳನ್ನು ಮುಚ್ಚುತ್ತದೆ. ಬಿಸಿಲಿಗೆ ಮೆದುಗೊಳಿಸುವ ಎಣ್ಣೆಯಂಶ ಕಳೆದುಕೊಂಡು ಕುಗ್ಗಿ, ತುದಿಯಲ್ಲಿ ಸ್ಕ್ರೂ ಹೊರಗೆ ಕಾಣುವಂತೆ ಆಗಿರುತ್ತದೆ. ಅದಕ್ಕೆ ಬಣ್ಣ ಹಿಡಿದರೂ ಬಾಗಿದಾಗ ಸೀಳುತ್ತದೆ. ಹೊಸ ಪಟ್ಟಿ 25, 50, 100 ಅಡಿಯ ಸುರುಳಿಗಳಲ್ಲಿ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ಅಗಲದಲ್ಲಿ ಮುಕ್ಕಾಲು ಇಂಚು, ಒಂದು ಇಂಚು ಎಂದು ಬೇರೆ ಬೇರೆ ಇರುವುದರಿಂದ ಹಳೆಯದರ ತುಂಡೊಂದನ್ನು ಕಿತ್ತು ಅಳೆದೇ ತರಿಸಿ.

ಈ ಕೆಲಸದಲ್ಲಿ ಪಟ್ಟಿಗಿಂತ ಮುಖ್ಯವಾದದ್ದು ಅದರ ಕೆಳಗಿನ ಸ್ಕ್ರೂಗಳು. ಹಳೆಯ ಪಟ್ಟಿ ಕಿತ್ತಾಗ ಪ್ರತಿಯೊಂದನ್ನೂ ನೋಡಿ. ತುಕ್ಕು ಹಿಡಿದಿದ್ದರೆ ನೀರು ಒಳಗೆ ಹೋಗಿದೆ ಎಂದರ್ಥ. ಒಂದೊಂದಾಗಿ ತೆಗೆದು ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ಎಲ್ಲವನ್ನೂ ಒಟ್ಟಿಗೆ ತೆಗೆದರೆ ಅಂಚು ಜರುಗುತ್ತದೆ. ಸ್ಕ್ರೂ ಬಿಗಿಯಾಗದೆ ಸುತ್ತುತ್ತಲೇ ಇದ್ದರೆ ಒಳಗಿನ ಮರ ಕೊಳೆತಿರಬಹುದು. ಆಗ ದಪ್ಪ ಸ್ಕ್ರೂ ಹಾಕಿ ಮುಚ್ಚಿಬಿಡಬೇಡಿ. ಅಂಚನ್ನು ಆ ಜಾಗದಲ್ಲಿ ಎತ್ತಿ, ಮರ ಸರಿಪಡಿಸಿ, ಹೊಸ ಬ್ಯೂಟೈಲ್ ಟೇಪ್ (ನೀರು ತಡೆಯುವ ಅಂಟುಪಟ್ಟಿ) ಹಾಕಿ ಕೂರಿಸಬೇಕು. ಬಣ್ಣದ ಚಿಂತೆಯಲ್ಲಿ ಈ ಸೋರಿಕೆ ಕಣ್ಣಿಗೆ ಬೀಳದೆ ಹೋದರೆ ಮುಂದೆ ಗೋಡೆಯೇ ಹಾಳಾಗುತ್ತದೆ.

ಹೊಸ ಪಟ್ಟಿಯನ್ನು ಅರ್ಧ ಗಂಟೆ ಬಿಸಿಲಲ್ಲಿ ಹರಡಿ ಮೆತ್ತಗಾದ ಮೇಲೆ ಒಂದು ಅಂಚನ್ನು ತೋಡಿಗೆ ಸಿಕ್ಕಿಸಿ, ಇನ್ನೊಂದನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಸೋಪುನೀರು ಸವರಿದರೆ ಸುಲಭ. ಎಳೆದು ಕೂರಿಸಬೇಡಿ: ಎಳೆದ ಪಟ್ಟಿ ಕೆಲವೇ ತಿಂಗಳಲ್ಲಿ ಕುಗ್ಗಿ ಮತ್ತೆ ತುದಿ ಬಿಡುತ್ತದೆ. ಬದಲಿಗೆ ಒಳಕ್ಕೆ ನೂಕುತ್ತಾ ಕೂರಿಸಿ, ಕೊನೆಯಲ್ಲಿ ಒಂದೆರಡು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ ತುದಿಯನ್ನು ಕೊನೆಯ ಸ್ಕ್ರೂವಿನ ಕೆಳಗೆ ಹಿಡಿಸಿ.

ಚಾವಣಿಯ ಮುಚ್ಚಳದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಮಾನ್ಯ ಅಳತೆ 14 ಇಂಚು ಚೌಕ. ಪೆಡಸಾದ ಮುಚ್ಚಳ ಆಲಿಕಲ್ಲಿಗೋ ಗಾಳಿಗೋ ಒಡೆದರೆ ಮಳೆ ನೇರ ಹಾಸಿಗೆಯ ಮೇಲೆ. ಮುಚ್ಚಳ ಮಾತ್ರ ಬದಲಿಸಬಹುದು, ಚಾವಣಿಯ ಸೀಲಂಟ್ ಮುಟ್ಟಬೇಕಾಗಿಲ್ಲ. ಆದರೆ ವೆಂಟ್‌ಲೈನ್, ಎಲಿಕ್ಸರ್, ಜೆನ್ಸನ್ ಕಂಪನಿಗಳ ಮಾದರಿಗಳಲ್ಲಿ ಕೀಲುಗಳು ಬೇರೆ ಬೇರೆ ಇರಬಹುದು, ಒಂದರ ಮುಚ್ಚಳ ಇನ್ನೊಂದಕ್ಕೆ ಕೂರದಿರಬಹುದು. ಕೀಲಿನ ಫೋಟೊ ತೆಗೆದುಕೊಂಡು ಹೋಗಿ ಹೋಲಿಸಿ ಕೊಳ್ಳಿ.

ಇನ್ನು ನಿಜವಾದ ಕೆಲಸ, ಜಾಲರಿ ಬಾಗಿಲು ಮತ್ತು ಚಕ್ರದ ಕಮಾನು. ಅವನ್ನು ಉಳಿಸಿಕೊಳ್ಳಬಹುದೇ ಎಂದು ಹೆಬ್ಬೆರಳಿನಿಂದ ಅಂಚನ್ನು ಮೆಲ್ಲಗೆ ಬಾಗಿಸಿ ನೋಡಿ. ಬಾಗಿ ಹಿಂದಿರುಗಿದರೆ ಸರಿ. ಚಟಪಟ ಸದ್ದು ಬಂದರೆ, ಅಥವಾ ಕೂದಲೆಳೆಯ ಬಿರುಕುಗಳು ಮೈತುಂಬ ಹರಡಿದ್ದರೆ ಬಣ್ಣದ ಖರ್ಚು ವ್ಯರ್ಥ. ಜಾಲರಿ ಬಾಗಿಲನ್ನು ಫ್ರಿಜ್‌ನ ಮಾದರಿ ಸಂಖ್ಯೆ ಹೇಳಿ ಹೊಸದಾಗಿ ಕೊಳ್ಳುವುದು ಸುಲಭ. ಚಕ್ರದ ಕಮಾನು ಆ ಗಾಡಿಗೆಂದೇ ಅಚ್ಚಾದದ್ದು, ಹಳೆಯ ಮಾಡೆಲ್‌ಗೆ ಸಿಗುವುದು ಕಷ್ಟ. ಅದನ್ನು ಉಳಿಸಿಕೊಳ್ಳಲು ಹೆಚ್ಚು ಪ್ರಯತ್ನ ಪಡಿ.

ಎಬಿಎಸ್ ಕಮಾನಿನಲ್ಲಿ ಒಂದೆರಡು ಬಿರುಕು ಮಾತ್ರ ಇದ್ದರೆ ಬೆಸುಗೆ ಹಾಕಬಹುದು. ಬಿರುಕಿನ ತುದಿಯಲ್ಲಿ 3 ಮಿ.ಮೀ. ರಂಧ್ರ ಕೊರೆಯಿರಿ, ಇಲ್ಲದಿದ್ದರೆ ಅದು ಮುಂದೆ ಓಡುತ್ತದೆ. ಎಬಿಎಸ್ ಚೂರುಗಳನ್ನು ಗಾಜಿನ ಜಾಡಿಯಲ್ಲಿ ಅಸಿಟೋನ್ ಜೊತೆ ರಾತ್ರಿಯಿಡೀ ನೆನೆಸಿದರೆ ಕರಗಿ ಎಳೆ ಬರುವಷ್ಟು ಗಟ್ಟಿಯಾದ ಅಂಟು ಸಿಗುತ್ತದೆ. ಹಿಂಬದಿಯನ್ನು ಒರಟು ಮಾಡಿ ಫೈಬರ್‌ಗ್ಲಾಸ್ ಬಲೆಯ ತುಂಡಿಟ್ಟು ಈ ಅಂಟು ಮೆತ್ತಿ, ಮುಂಬದಿಯ ಬಿರುಕನ್ನು ಸ್ವಲ್ಪ ಅಗಲಿಸಿ ತುಂಬಿ, ಇಡೀ ಒಂದು ದಿನ ಒಣಗಲು ಬಿಡಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಬಯಲಿನಲ್ಲಿ ಮಾಡಿ.

ಫ್ರಿಜ್‌ನ ಬಾಗಿಲು ಬಿಚ್ಚುವ ಮೊದಲು ಫ್ರಿಜ್, ವಾಟರ್ ಹೀಟರ್, ಫರ್ನೇಸ್ ಮೂರನ್ನೂ ಆರಿಸಿ ಅನಿಲ ಸಿಲಿಂಡರಿನ ಕವಾಟ ಮುಚ್ಚಿ. ಈ ಫ್ರಿಜ್‌ಗಳು ಅನಿಲದ ಉರಿಯಿಂದ ನಡೆಯುವಂಥವು, ಉರಿ ಇರುವುದು ಆ ಜಾಲರಿ ಬಾಗಿಲಿನ ಹಿಂದೆಯೇ. ಸ್ಪ್ರೇ ಡಬ್ಬಿಯ ಆವಿ ಅಲ್ಲಿಗೆ ತಲುಪಬಾರದು. ಭಾಗಗಳನ್ನು ಬಿಚ್ಚಿ ದೂರ ಒಯ್ದೇ ಬಣ್ಣ ಹೊಡೆಯಿರಿ. ಹುಳುಜಾಲರಿ ಇದ್ದರೆ ತೆಗೆದಿಡಿ.

ಮೊದಲು ಜಿಡ್ಡು ತೆಗೆಯಬೇಕು, ಉಜ್ಜುವುದು ಆಮೇಲೆ. ಈ ಕ್ರಮ ತಪ್ಪಿದರೆ ವ್ಯಾಕ್ಸ್ ಮತ್ತು ಸಿಲಿಕೋನನ್ನು ನಾವೇ ಗೀರುಗಳ ಒಳಕ್ಕೆ ತಿಕ್ಕಿದಂತಾಗುತ್ತದೆ. ಸಿಲಿಕೋನ್ ಉಳಿದ ಕಡೆ ಬಣ್ಣ ದುಂಡನೆಯ ಕುಳಿಗಳಾಗಿ ಹಿಂದೆ ಸರಿಯುತ್ತದೆ, ಮೇಲೆ ಎಷ್ಟು ಕೋಟ್ ಹೊಡೆದರೂ ಮುಚ್ಚುವುದಿಲ್ಲ. ಸೋಪುನೀರಿನ ನಂತರ ಪ್ಲಾಸ್ಟಿಕ್ಕಿಗೆ ಆಗುವ ವ್ಯಾಕ್ಸ್-ಗ್ರೀಸ್ ರಿಮೂವರ್‌ನಿಂದ ಒಮ್ಮೆ, ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಇನ್ನೊಮ್ಮೆ ಒರೆಸಿ, ಪ್ರತಿಸಲವೂ ಹೊಸ ಬಟ್ಟೆ. ಅಸಿಟೋನ್, ಲ್ಯಾಕರ್ ಥಿನ್ನರ್ ಬಟ್ಟೆಗೆ ಹಾಕಿ ಒರೆಸಲೇಬೇಡಿ: ಎಬಿಎಸ್ ಕರಗುತ್ತದೆ, ಕರಗದಿದ್ದರೂ ಒತ್ತಡವಿರುವ ಮೂಲೆಗಳಲ್ಲಿ ನಂತರ ಬಿರುಕು ಬಿಡುತ್ತದೆ.

ನಯವಾದ ಕಮಾನನ್ನು 400 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ, 600ರಿಂದ ಮುಗಿಸಿ. ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಪೇಪರ್ ಕಟ್ಟಿಕೊಳ್ಳುವುದಿಲ್ಲ. ಹಳದಿ ಪೂರ್ತಿ ಹೋಗಿ ಬಿಳಿ ಬರುವವರೆಗೆ ಉಜ್ಜಬೇಕು, ಹೊಳಪು ಹೋದರೆ ಸಾಕು ಎಂದು ನಿಲ್ಲಿಸಬೇಡಿ. ಬಣ್ಣ ಹಾಳೆ ಹಾಳೆಯಾಗಿ ಏಳುವುದಕ್ಕೆ ನಾವು ಕಂಡ ದೊಡ್ಡ ಕಾರಣವೇ ಇದು. ಹೊಸ ಬಣ್ಣ ಆ ಸತ್ತ ಪದರಕ್ಕೆ ಚೆನ್ನಾಗಿಯೇ ಅಂಟಿರುತ್ತದೆ, ಸತ್ತ ಪದರ ತನ್ನ ಕೆಳಗಿನ ಪ್ಲಾಸ್ಟಿಕ್ಕನ್ನು ಬಿಟ್ಟು ಬರುತ್ತದೆ. ಹಿಡಿದುಕೊಳ್ಳುವ ಶಕ್ತಿಯಿಲ್ಲದ್ದರ ಮೇಲೆ ಎಷ್ಟು ದುಬಾರಿ ಬಣ್ಣ ಹೊಡೆದರೂ ಅಷ್ಟೇ. ಜಾಲರಿ ಬಾಗಿಲಿನ ಮೈ ಸಾಮಾನ್ಯವಾಗಿ ಚರ್ಮದಂತೆ ತರಿತರಿ. ಪೇಪರ್ ಹಾಕಿದರೆ ಉಬ್ಬುಗಳು ಸವೆದು ತಗ್ಗುಗಳಲ್ಲಿ ಹಳದಿ ಉಳಿಯುತ್ತದೆ. ಅದಕ್ಕೆ ಕೆಂಗಂದು ಬಣ್ಣದ ಸ್ಕಾಚ್-ಬ್ರೈಟ್ ಪ್ಯಾಡ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್, ಜೊತೆಗೆ ಸ್ವಲ್ಪ ಪಾತ್ರೆ ತಿಕ್ಕುವ ಕ್ಲೆನ್ಸರ್ ಪುಡಿ. ಇಲ್ಲಿ ತಗ್ಗುಗಳಲ್ಲಿ ಉಳಿದ ಹಳದಿಯನ್ನು ಬಣ್ಣವೇ ಮುಚ್ಚುತ್ತದೆ, ನಿಮ್ಮ ಕೆಲಸ ಪುಡಿಯಾಗುವ ಭಾಗವನ್ನು ತೆಗೆಯುವುದು. ತೊಳೆದು ಒಣಗಿಸಿ ಕಪ್ಪು ಬಟ್ಟೆಯಿಂದ ಒರೆಸಿ ನೋಡಿ, ಬಿಳಿ ಪುಡಿ ಹತ್ತುತ್ತಿದ್ದರೆ ಇನ್ನೂ ಮುಗಿದಿಲ್ಲ.

ಎಬಿಎಸ್ ಆದರೆ ಪ್ಲಾಸ್ಟಿಕ್ಕಿಗೆಂದೇ ಮಾಡಿದ ಸ್ಪ್ರೇ ಬಣ್ಣ, ಉದಾಹರಣೆಗೆ ಕ್ರೈಲಾನ್ ಫ್ಯೂಷನ್, ನೇರವಾಗಿ ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಆದರೆ ಬುಲ್‌ಡಾಗ್‌ನಂಥ ಅಡ್ಹೆಶನ್ ಪ್ರಮೋಟರ್ (ಬಣ್ಣ ಹಿಡಿಯುವಂತೆ ಮಾಡುವ ತಳಕೋಟ್) ಇಲ್ಲದೆ ಏನೂ ನಿಲ್ಲುವುದಿಲ್ಲ. ಒಂದು ತೆಳು ಕೋಟ್ ಹೊಡೆದು, ಡಬ್ಬಿಯ ಮೇಲೆ ಹೇಳಿದ ಅವಧಿಯೊಳಗೇ ಬಣ್ಣ ಹಚ್ಚಬೇಕು. ತಡಮಾಡಿದರೆ ಅದರ ಹಿಡಿತ ಹೋಗುತ್ತದೆ. ಎರಡು ಬಾಗಿಲು, ಎರಡು ಕಮಾನಿಗೆ 12 ಔನ್ಸಿನ ಎರಡು ಡಬ್ಬಿ ಬಣ್ಣ ಸಾಕಾಗಬಹುದು, ಮೂರು ತಂದಿಟ್ಟುಕೊಳ್ಳಿ. ನಡುವೆ ಬೇರೆ ಬಿಳಿ ತರುವ ಪಾಡು ಬೇಡ.

ಫೀನಿಕ್ಸ್‌ನಲ್ಲಿ ಆಗುವ ತಪ್ಪು ಬಿಸಿಯದು. ಒಣ ಬಿಸಿ ಗಾಳಿಯಲ್ಲಿ ಬಣ್ಣದ ಹನಿ ಭಾಗವನ್ನು ಮುಟ್ಟುವ ಮೊದಲೇ ಅರೆ ಒಣಗಿ, ಮೈ ಮರಳು ಮರಳಾಗುತ್ತದೆ, ಹಿಡಿತವೂ ಕಡಿಮೆ. ಚಳಿಗಾಲದ ಬೆಳಗ್ಗೆ ಅಥವಾ ನೆರಳಿನ ಗ್ಯಾರೇಜಿನಲ್ಲಿ, ಬಾಗಿಲು ತೆರೆದಿಟ್ಟು ಮಾಡಿ. ಗಾಳಿಯಷ್ಟೇ ಅಲ್ಲ, ಪ್ಲಾಸ್ಟಿಕ್ ಕೂಡ 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ಬಿಸಿಲಿನಿಂದ ತಂದ ಭಾಗವನ್ನು ತಣಿಯಲು ಬಿಡಿ. ಡಬ್ಬಿಯ ಗೋಲಿ ಸದ್ದು ಮಾಡತೊಡಗಿದ ಮೇಲೆ ಎರಡು ನಿಮಿಷ ಕುಲುಕಿ, ಎಂಟರಿಂದ ಹತ್ತು ಇಂಚು ದೂರದಿಂದ, ಕೈ ಭಾಗದ ಆಚೆಯಿಂದ ಶುರುವಾಗಿ ಆಚೆಯೇ ನಿಲ್ಲುವಂತೆ ಹೊಡೆಯಿರಿ. ಮೊದಲ ಕೋಟ್‌ನಲ್ಲಿ ಕೆಳಗಿನ ಪ್ಲಾಸ್ಟಿಕ್ ಇನ್ನೂ ಕಾಣುತ್ತಿರಬೇಕು, ಒಂದೇ ಸಲ ಮುಚ್ಚಲು ಹೋದರೆ ಸೋರುತ್ತದೆ. ಇಂಥ ಮೂರು ನಾಲ್ಕು ತೆಳು ಕೋಟ್, ನಡುವೆ ಡಬ್ಬಿ ಹೇಳುವಷ್ಟು ಬಿಡುವು. ಜಾಲರಿಯ ಸೀಳುಗಳಿಗೆ ಮೇಲಿನಿಂದೊಮ್ಮೆ ಕೆಳಗಿನಿಂದೊಮ್ಮೆ ಓರೆಯಾಗಿ ಹೊಡೆಯಬೇಕು, ಸೀಳು ಕಟ್ಟಿಕೊಳ್ಳಬಾರದು, ಫ್ರಿಜ್ ಉಸಿರಾಡುವುದು ಅಲ್ಲಿಂದಲೇ.

ಮುಟ್ಟಿದರೆ ಅಂಟದಿರುವುದು ಅರ್ಧ ಗಂಟೆಯಲ್ಲಿ, ಪ್ಲಾಸ್ಟಿಕ್ಕಿನ ಮೇಲೆ ಪೂರ್ತಿ ಹಿಡಿತ ಬರುವುದು ಏಳು ದಿನಕ್ಕೆ. ಆ ವಾರ ಸ್ಕ್ರೂ ಬಿಗಿದು ಕೂರಿಸಬೇಡಿ, ತಲೆಯ ಸುತ್ತ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಹೊಳಪಿಗಾಗಿ ಎರಡು ಭಾಗ ಬೆರೆಸುವ ಆಟೋ ಪೇಂಟ್ ಬಳಸುವ ಆಸೆಯಾದರೆ ಪೇಂಟ್ ಅಂಗಡಿಗೇ ಕೊಡಿ. ಅದರ ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಸಾಮಾನ್ಯ ಮಾಸ್ಕ್ ಅದಕ್ಕೆ ಸಾಲದು.

ಬಣ್ಣ ಆರಿಸುವಾಗ ಅಂಗಡಿಯ ಹೊಳೆಯುವ ಬಿಳಿಗೆ ಮರುಳಾಗಬೇಡಿ. ಇಂಥ ಗಾಡಿಗಳ ಬಿಡಿಭಾಗಗಳಲ್ಲೇ ಪೋಲಾರ್ ವೈಟ್, ಕಲೋನಿಯಲ್ ವೈಟ್ ಎಂದು ಬೇರೆ ಬೇರೆ ಬಿಳಿಗಳಿವೆ, ಜೊತೆಗೆ ನಿಮ್ಮ ಗಾಡಿಯ ಮೈ ಕೂಡ ಇಷ್ಟು ವರ್ಷದಲ್ಲಿ ಸ್ವಲ್ಪ ಕೆನೆಯತ್ತ ಸರಿದಿದೆ. ರಟ್ಟಿನ ತುಂಡಿಗೆ ಹೊಡೆದು ಒಣಗಿದ ಮೇಲೆ ಹಗಲಿನಲ್ಲಿ ಮೈಗೆ ಹಿಡಿದು ನೋಡಿ. ಕಪ್ಪು, ಕಡುಗಂದು ಬಣ್ಣ ಬೇಡ, ಅವು ಬಿಸಿಲಿಗೆ ಹೆಚ್ಚು ಕಾಯುತ್ತವೆ: ಎಬಿಎಸ್ 90-100 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ಅದಕ್ಕಿಂತ ಮೊದಲೇ ಉದ್ದನೆಯ ಕಮಾನು ಸ್ಕ್ರೂಗಳ ನಡುವೆ ಅಲೆಯಾಗಿ ಜೋಲಬಹುದು.

ಈಗ ಪೆರಾಕ್ಸೈಡ್. ಗಾಡಿಯೊಳಗಿನ ದೀಪದ ಚೌಕಟ್ಟು, ಬಚ್ಚಲಿನ ಫ್ಯಾನಿನ ಜಾಲರಿ ಇಂಥವು ಕಿಟಕಿಯ ಬೆಳಕಿಗೆ ಹಳದಿಯಾಗಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯೂಟಿ ಅಂಗಡಿಗಳಲ್ಲಿ 40 ವಾಲ್ಯೂಮ್ ಡೆವಲಪರ್ ಕ್ರೀಮ್ ಎಂದು ಸಿಗುವುದು ಶೇ. 12ರ ಪೆರಾಕ್ಸೈಡ್, ಅದಕ್ಕಿಂತ ತೀಕ್ಷ್ಣವಾದದ್ದು ಬೇಡ. ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ, ಚರ್ಮಕ್ಕೆ ತಾಗಿದರೆ ಬೆಳ್ಳಗಾಗಿ ಉರಿಯುತ್ತದೆ. ಲೋಹದ ತುಂಡು, ತಂತಿ, ಬಲ್ಬು ಎಲ್ಲ ಬಿಚ್ಚಿ, ತೊಳೆದ ಭಾಗಕ್ಕೆ ಬ್ರಷ್‌ನಿಂದ ಎಲ್ಲ ಕಡೆ ಒಂದೇ ದಪ್ಪಕ್ಕೆ ಬಳಿದು, ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ ಬಿಸಿಲಿಗಿಡಿ. ಅರ್ಧ ಗಂಟೆಗೊಮ್ಮೆ ಫಿಲ್ಮಿನ ಮೇಲಿಂದಲೇ ಕ್ರೀಮನ್ನು ಸವರಿ ಸರಿಸಿ, ಭಾಗವನ್ನು ತಿರುಗಿಸಿ. ಗಾಳಿಗುಳ್ಳೆ ನಿಂತ ಕಡೆ ಅಥವಾ ಕ್ರೀಮ್ ಒಣಗಿದ ಕಡೆ ಬಿಳಿ ಕಲೆಗಳಾಗಿ ಅಮೃತಶಿಲೆಯ ಗೆರೆಗಳಂತೆ ಕಾಣತೊಡಗುತ್ತದೆ, ಅದನ್ನು ಸರಿಪಡಿಸುವುದು ಬಲು ಕಷ್ಟ. ಬೇಸಿಗೆಯ ನಡುಹಗಲಿನಲ್ಲಿ ಇಡದಿರುವುದು ಇದೇ ಕಾರಣಕ್ಕೆ, ಭಾಗ ಬಿಸಿಗೆ ಸೊಟ್ಟಗಾಗುವ ಭಯವೂ ಇದೆ. ಬೆಳಗಿನ ಬಿಸಿಲಲ್ಲಿ ಎರಡು ಮೂರು ಗಂಟೆ ಇಟ್ಟು, ತೊಳೆದು ನೋಡಿ, ಬೇಕಾದರೆ ಮರುದಿನ ಇನ್ನೊಮ್ಮೆ. ಉಳಿದ ಕ್ರೀಮನ್ನು ಬೇರೆ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಡಬೇಡಿ, ಒಳಗೆ ಆಮ್ಲಜನಕ ಬಿಡುಗಡೆಯಾಗಿ ಬಾಟಲಿ ಸಿಡಿಯಬಹುದು.

ಹೇರ್ ಡ್ರೈಯರಿನಂಥ ಹೀಟ್ ಗನ್ ಹಿಡಿದರೆ ಪ್ಲಾಸ್ಟಿಕ್ ಹೊಸದಾಗುವ ವೀಡಿಯೊಗಳನ್ನು ನೋಡಿರುತ್ತೀರಿ. ಅದು ಮಾಸಿದ ಕಪ್ಪು ಪ್ಲಾಸ್ಟಿಕ್ಕಿಗೆ ಮಾತ್ರ, ಬಿಳಿಯದು ಇನ್ನಷ್ಟು ಹಳದಿಯಾಗುತ್ತದೆ. ಬ್ಲೀಚ್ ಬೂಸಲು ಕಲೆಗೆ ಮಾತ್ರ, ಅದನ್ನು ವಿನೆಗರ್ ಅಥವಾ ಅಮೋನಿಯ ಇರುವ ಕ್ಲೀನರ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಬಣ್ಣ ಒಣಗಿ ವಾರ ಕಳೆದ ಮೇಲೆ 303 ಏರೋಸ್ಪೇಸ್ ಪ್ರೊಟೆಕ್ಟಂಟ್‌ನಂಥ ನೀರಿನಾಧಾರದ ರಕ್ಷಕವನ್ನು ಹೊಸ ವಿನೈಲ್ ಪಟ್ಟಿಗೂ ಬಣ್ಣ ಹೊಡೆದ ಭಾಗಗಳಿಗೂ ಸಿಂಪಡಿಸಿ ಒರೆಸಿ. ಇಲ್ಲಿನ ಬಿಸಿಲಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಬೇಕು. ಟೈರ್ ಹೊಳಪಿಗೆ ಹಾಕುವ ಸಿಲಿಕೋನ್ ಎಣ್ಣೆ ಬೇಡ, ಮುಂದೆ ಬಣ್ಣ ತಿದ್ದಬೇಕಾದಾಗ ಅದೇ ಅಡ್ಡಿಯಾಗುತ್ತದೆ. ಗಾಡಿ ಸದಾ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತಿದ್ದರೆ ದಕ್ಷಿಣ ಮತ್ತು ಪಶ್ಚಿಮದ ಬದಿ ಬೇಗ ಹಾಳಾಗುತ್ತದೆ, ಕೆಲವು ತಿಂಗಳಿಗೊಮ್ಮೆ ತಿರುಗಿಸಿ ನಿಲ್ಲಿಸಿ. ಹೊದಿಕೆ ಹಾಕುವುದಾದರೆ ಉಸಿರಾಡುವ ಬಟ್ಟೆಯದನ್ನು ಕೊಂಡು ಬಿಗಿಯಾಗಿ ಕಟ್ಟಿ. ಸಡಿಲ ತಾಡಪಾಲು ಗಾಳಿಗೆ ಬಡಿದು ಹೊಸ ಬಣ್ಣವನ್ನು ಅಂಚುಗಳಲ್ಲಿ ಸವೆಸಿಬಿಡುತ್ತದೆ.